ಗಿಡ್ಡ ಕಾವಿನ ಗುದ್ದಲಿ

ಮನೆಯ ಹಿಂದಿನ ಅಂಗೈಯಗಲ ಜಾಗದಲ್ಲಿ ಈ ಮಳೆಗೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು. ಕಳೆ ತೆಗೆಯಲು ಏನಾದರೊಂದು ಸಾಮಾನು ಬೇಕೆಂದು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಜಾಗ ಎಷ್ಟಿದೆ, ಹುಲ್ಲು ಯಾವುದು ಎಂದು ಕೇಳುತ್ತಾರೆಂದುಕೊಂಡಿದ್ದೆ. ಅಂಗಡಿಯ ಯಜಮಾನರು ಕೇಳಿದ್ದು ಬೇರೆ: "ಕೆಲಸ ಮಾಡೋರು ಯಾರು ಸಾರ್? ನೀವಾ, ಆಳಾ?" ನಾನೇ ಎಂದಾಗ ಮೂಲೆಯಲ್ಲಿದ್ದ ಉದ್ದ ಕಾವಿನ ಗುದ್ದಲಿ ಹೊರಗೆ ಬಂತು. "ಆಳಾಗಿದ್ರೆ ಕುರ್ಪಿನೇ ಸಾಕಿತ್ತು" ಎಂದು ಅವರು ಸಹಜವಾಗಿಯೇ ಹೇಳಿದರು.

ಅವರ ಈ ಪ್ರಶ್ನೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು ಎಂದರೆ ಓದುಗರಿಗೆ ಅಚ್ಚರಿಯಾದೀತು.

ಮೊದಲು ಸಾಮಾನಿನ ಮಾತು. ಕಳೆ ತೆಗೆಯುವ ಉಪಕರಣ ಭಾರವಾಗಿರಬೇಕಿಲ್ಲ. ಅಗೆಯುವ ಗುದ್ದಲಿಯ ಕೆಲಸ ಬೇರೆ. ಎಳೆಯ ಕಳೆಗೆ ತೆಳುವಾದ, ಹರಿತವಾದ ಅಲಗು ಮಣ್ಣಿನ ಮೇಲ್ಪದರದಲ್ಲಿ ಹಾಯ್ದು ಬುಡ ಕತ್ತರಿಸಿದರೆ ಸಾಕು, ಬಿಸಿಲು ಉಳಿದದ್ದನ್ನು ನೋಡಿಕೊಳ್ಳುತ್ತದೆ. ತನ್ನತ್ತ ಎಳೆಯುವ ಅಲಗು ಒಂದು ಬಗೆ, ಮುಂದಕ್ಕೆ ತಳ್ಳುವ 'ಡಚ್' ಗುದ್ದಲಿ ಇನ್ನೊಂದು. ತಳ್ಳುವವರು ಹಿಂದೆ ಹಿಂದೆ ನಡೆಯುವುದರಿಂದ ಕೆದಕಿದ ನೆಲವನ್ನು ತುಳಿಯುವುದೂ ತಪ್ಪುತ್ತದೆ. ಗರಿಕೆಗೂ ಕೊನ್ನಾರಿಗೂ ಈ ಉಪಾಯ ನಡೆಯದು. ಗರಿಕೆಯ ತುಂಡು ತುಂಡೂ ಚಿಗುರುತ್ತದೆ, ಕೊನ್ನಾರಿಯ ಗಡ್ಡೆ ಮಣ್ಣಿನೊಳಗೇ ಉಳಿಯುತ್ತದೆ. ಅವನ್ನು ಬೇರು ಸಮೇತ ಎತ್ತಬೇಕು. ಇವೆಲ್ಲ ಅಲಗಿನ ವಿಚಾರ. ಕೊಳ್ಳುವಾಗ ಎಲ್ಲರೂ ಅಲಗನ್ನು ನೋಡುತ್ತಾರೆ, ಕಾವಿನ ಉದ್ದ ನೋಡುವವರು ಕಡಿಮೆ.

ಕ್ಯಾಲಿಫೋರ್ನಿಯಾದ ವಿಶಾಲ ತೋಟಗಳಲ್ಲಿ ಲೆಟ್ಯೂಸ್ ಎಂಬ ಸೊಪ್ಪು ಮತ್ತು ಸಕ್ಕರೆ ಬೀಟ್ ಬೆಳೆಯ ಕಳೆ ತೆಗೆಯಲು, ಒತ್ತಾಗಿ ಹುಟ್ಟಿದ ಸಸಿಗಳನ್ನು ತೆಳ್ಳಗೆ ಮಾಡಲು ಕೂಲಿಗಳ ಕೈಗೆ ಕೊಡುತ್ತಿದ್ದ ಗುದ್ದಲಿಯ ಕಾವು ಒಂದರಿಂದ ಎರಡು ಅಡಿ ಮಾತ್ರ. ಮೆಕ್ಸಿಕೋ ಮೂಲದ ಕೂಲಿಕಾರರು ತಮ್ಮ ಸ್ಪ್ಯಾನಿಷ್ ಭಾಷೆಯಲ್ಲಿ ಅದನ್ನು 'ಎಲ್ ಕೊರ್ಟಿಟೊ', ಅಂದರೆ 'ಗಿಡ್ಡ' ಎಂದು ಕರೆದರು. 'ಸೈತಾನನ ತೋಳು' ಎಂಬ ಹೆಸರೂ ಇತ್ತು. ಇದನ್ನು ಹಿಡಿದವರು ಇಡೀ ದಿನ ಸೊಂಟದಿಂದ ಮಡಿಸಿಕೊಂಡು ಸಾಲಿನುದ್ದಕ್ಕೂ ಸಾಗಬೇಕಿತ್ತು.

ಉದ್ದ ಕಾವು ಯಾಕಿಲ್ಲ? ಬೆಳೆಗಾರರ ಉತ್ತರ ಸಿದ್ಧವಾಗಿತ್ತು. ಗಿಡಕ್ಕೆ ಹತ್ತಿರವಿದ್ದರೆ ಕೈ ತಪ್ಪುವುದಿಲ್ಲ, ದೂರ ನಿಂತರೆ ಒಳ್ಳೆಯ ಸಸಿಯೂ ಹೋಗುತ್ತದೆ. ಆದರೆ ಇದೇ ದೇಶದ ಬೇರೆಡೆ ಉದ್ದ ಕಾವಿನಲ್ಲೇ ಈ ಕೆಲಸ ನಡೆಯುತ್ತಿತ್ತು. ಬಾಯಿಬಿಟ್ಟು ಹೇಳದ ಅನುಕೂಲ ಇನ್ನೊಂದಿತ್ತು. ಎಲ್ಲರೂ ಬಾಗಿರುವ ಹೊಲದಲ್ಲಿ ಯಾರಾದರೂ ನೆಟ್ಟಗಾದರೆ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತದೆ. ಗಿಡ್ಡ ಕಾವು ಕಳೆ ತೆಗೆಯುವುದರ ಜೊತೆಗೆ ಕಾವಲನ್ನೂ ಕಾಯುತ್ತಿತ್ತು.

ಗ್ರಾಮೀಣ ಬಡವರಿಗೆ ಕಾನೂನು ನೆರವು ನೀಡುವ ಸಂಸ್ಥೆಯೊಂದರಲ್ಲಿದ್ದ ಮಾರಿಸ್ ಜೋರ್ಡೇನ್ ಎಂಬ ಯುವ ವಕೀಲರು ಕೂಲಿಕಾರರ ಸವಾಲಿಗೆ ಓಗೊಟ್ಟು ತಾವೇ ಹೊಲಕ್ಕಿಳಿದು ಆ ಗುದ್ದಲಿ ಹಿಡಿದರು. ಬೆನ್ನುನೋವು ಏನೆಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 1972ರಲ್ಲಿ ಕೂಲಿಕಾರರ ಪರವಾಗಿ ಅರ್ಜಿ ಬಿತ್ತು. ಬೆನ್ನುಮೂಳೆಯ ಮಣಿಗಳು, ಅವುಗಳ ನಡುವಿನ ಮೆತ್ತೆ ಹೇಗೆ ಸವೆಯುತ್ತವೆ, ಆ ಹಾನಿ ಹೇಗೆ ಶಾಶ್ವತವಾಗುತ್ತದೆ ಎಂದು ವೈದ್ಯರು ಸಾಕ್ಷ್ಯ ನುಡಿದರು.

ಕಾರ್ಮಿಕ ಸುರಕ್ಷತೆಯ ಇಲಾಖೆ ಒಪ್ಪಲಿಲ್ಲ. ಅದರ ತರ್ಕ ಕುತೂಹಲಕಾರಿ. ನಿಯಮದಲ್ಲಿರುವ 'ಅಪಾಯಕಾರಿ ಕೈ ಉಪಕರಣ' ಎಂದರೆ ಕಾವು ಸೀಳಿದ್ದು, ಅಲಗು ಸಡಿಲಾದದ್ದು, ಒಟ್ಟಿನಲ್ಲಿ ಕೆಟ್ಟದ್ದು. ಈ ಗುದ್ದಲಿ ಕೆಟ್ಟಿಲ್ಲ, ಸರಿಯಾಗಿಯೇ ಇದೆ! 1975ರ ಜನವರಿ 13ರಂದು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು 'ಕಾರ್ಮೋನಾ' ಪ್ರಕರಣದಲ್ಲಿ ಈ ವಾದವನ್ನು ತಳ್ಳಿಹಾಕಿತು. ಯಾವ ಕೆಲಸಕ್ಕೆಂದು ಮಾಡಿದೆಯೋ ಅದೇ ಕೆಲಸಕ್ಕೆ ಬಳಸಿದಾಗ ದೇಹಕ್ಕೆ ಪೆಟ್ಟಾಗುವುದಾದರೆ ಅದೂ ಅಪಾಯಕಾರಿಯೇ ಎಂಬುದು ತೀರ್ಪಿನ ಸಾರ. ಏಪ್ರಿಲ್ ಹೊತ್ತಿಗೆ ಗಿಡ್ಡ ಗುದ್ದಲಿಗೆ ನಿಷೇಧ ಬಂತು. ಅಲ್ಲಿನ ನಿಯಮದ ಪ್ರಕಾರ ಉದ್ದ ಕಾವು ಎಂದರೆ ನಾಲ್ಕು ಅಡಿ ಅಥವಾ ಹೆಚ್ಚು. ರೈತ ಕಾರ್ಮಿಕ ನಾಯಕ ಸೀಸರ್ ಚಾವೆಜ್ ಅವರ ತಂದೆ ಬಳಸಿದ್ದ ಗಿಡ್ಡ ಗುದ್ದಲಿ ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗುದ್ದಲಿ ಹೋಯಿತು, ಬಾಗುವುದು ಹೋಗಲಿಲ್ಲ. ಕೆಲವು ಕಡೆ ಬರಿಗೈಯಲ್ಲೇ ಕಳೆ ಕೀಳಿಸತೊಡಗಿದರು. ಅದಕ್ಕೂ ನಿರ್ಬಂಧ ಬರಲು 2004 ಆಗಬೇಕಾಯಿತು, ಅದೂ ಕೆಲವು ವಿನಾಯಿತಿಗಳೊಂದಿಗೆ.

ನಮ್ಮಲ್ಲಿ ಈ ವ್ಯಾಜ್ಯ ಹುಟ್ಟಿಲ್ಲ. ಬಯಲುಸೀಮೆಯಲ್ಲಿ ಕೂರಿಗೆಯಿಂದ ಸಾಲಾಗಿ ಬಿತ್ತುವುದು, ಸಾಲುಗಳ ನಡುವೆ ಎತ್ತು ಹೂಡಿ ಎಡೆಕುಂಟೆ ಹೊಡೆಯುವುದು ಹಳೆಯ ರೂಢಿ. ಬ್ರಿಟಿಷ್ ಸರ್ಕಾರ ಕಳುಹಿಸಿದ್ದ ಕೃಷಿ ರಸಾಯನತಜ್ಞ ವೋಲ್ಕರ್ 1893ರ ವರದಿಯಲ್ಲಿ ಭಾರತದ ರೈತರು ಹೊಲವನ್ನು ಕಳೆಯಿಲ್ಲದೆ ಇಟ್ಟುಕೊಳ್ಳುವ ಬಗೆಯನ್ನು ಮನಸಾರೆ ಹೊಗಳಿದ್ದಾರೆ. ಆದರೆ ಕುಂಟೆ ಹೋಗುವುದು ಸಾಲಿನ ನಡುವೆ. ಪೈರಿನ ಬುಡಕ್ಕೇ ಅಂಟಿಕೊಂಡು ಬೆಳೆದ ಕಳೆ ಅದಕ್ಕೆ ಸಿಗುವುದಿಲ್ಲ. ಕುಂಟೆಯ ಹಿಂದೆ ಗಂಡಸು ನಿಂತು ನಡೆಯುತ್ತಾನೆ, ಬುಡದ ಕಳೆಗೆ ಹೆಂಗಸರು ಕುರ್ಪಿ ಹಿಡಿದು ಕೂರುತ್ತಾರೆ. ಕುಕ್ಕರಗಾಲಲ್ಲಿ ಕೂರುವುದು ನಮ್ಮವರಿಗೆ ಅಭ್ಯಾಸ ಎಂದು ಸಮಾಧಾನ ಹೇಳುವವರಿದ್ದಾರೆ. ಸೊಪ್ಪು ಬಿಡಿಸುವಷ್ಟು ಹೊತ್ತಿಗೆ ಅದು ಸರಿ. ರಾಗಿ ಹೊಲದಲ್ಲಿ ಬೆಳಗಿನಿಂದ ಬೈಗಿನವರೆಗೆ ಕೂತು ಸರಿದ ನನ್ನ ಅಜ್ಜಿ ಕೊನೆಗಾಲದಲ್ಲಿ ಗೋಡೆ ಹಿಡಿಯದೆ ಏಳಲಾರದವರಾಗಿದ್ದರು. ಅವರ ಕುರ್ಪಿಯ ಹಿಡಿ ಒಂದು ಗೇಣಿತ್ತು.

ಇನ್ನು ಕೊಳ್ಳುವವರಿಗೆ. ನೆಟ್ಟಗೆ ನಿಂತು ಗುದ್ದಲಿಯನ್ನು ಪಕ್ಕದಲ್ಲಿಟ್ಟು ನೋಡಿ, ಕಾವು ಎದೆಮಟ್ಟಕ್ಕಾದರೂ ಬರಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಕಾವು ಇದಕ್ಕಿಂತ ಗಿಡ್ಡ, ಉದ್ದನೆಯದನ್ನು ಕೇಳಿ ಹಾಕಿಸಿಕೊಳ್ಳಬೇಕು. ತೋಟಕ್ಕೆ ಬೇರೆಯವರು ಬಂದು ದುಡಿಯುವುದಾದರೆ ಅವರ ಎತ್ತರಕ್ಕೆ ಅಳೆಯಿರಿ. ನಾನು ಉದ್ದ ಕಾವಿನದನ್ನೇ ತಂದೆ. ಹೂಕುಂಡಗಳಲ್ಲಿ ಅದು ಆಡುವುದಿಲ್ಲವೆಂದು ಮರುದಿನ ಹೋಗಿ ಒಂದು ಕುರ್ಪಿಯನ್ನೂ ತಂದದ್ದಾಯಿತು.