ನಂದಾದೇವಿ ಪರ್ವತ

ನಂದಾದೇವಿ ಉತ್ತರಾಖಂಡ ರಾಜ್ಯದ ಗಢವಾಲ್ ಹಿಮಾಲಯದಲ್ಲಿರುವ ಹಿಮಾಚ್ಛಾದಿತ ಪರ್ವತ. ಇದರ ಎತ್ತರ 7,816 ಮೀಟರ್. ಭಾರತದಲ್ಲಿ ಕಾಂಚನಜುಂಗಾದ ನಂತರ ಇದೇ ಅತ್ಯುನ್ನತ ಶಿಖರ. ಸಂಪೂರ್ಣವಾಗಿ ಭಾರತದೊಳಗೇ ಇರುವ ಶಿಖರಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಗಢವಾಲ್ ಮತ್ತು ಕುಮಾವೂಂ ಪ್ರದೇಶಗಳ ಜನರು ಈ ಪರ್ವತವನ್ನು ನಂದಾದೇವಿಯ ಸ್ವರೂಪವೆಂದು ಪೂಜಿಸುತ್ತಾರೆ.

ಭೌಗೋಳಿಕ ಸ್ವರೂಪ

ಪರ್ವತಕ್ಕೆ ಎರಡು ಶಿಖರಗಳಿವೆ. ಪೂರ್ವ ಶಿಖರದ ಎತ್ತರ 7,434 ಮೀಟರ್. ಮುಖ್ಯ ಶಿಖರವನ್ನು ಉನ್ನತ ಪರ್ವತಗಳ ವಲಯವೊಂದು ಕೋಟೆಯಂತೆ ಸುತ್ತುವರಿದಿದೆ. ಈ ಕೋಟೆಯನ್ನು ಭೇದಿಸಿ ಹೊರಹರಿಯುವುದು ಋಷಿಗಂಗಾ ನದಿ ಮಾತ್ರ. ಅದರ ಕಡಿದಾದ ಕಮರಿಯೇ ಒಳಪ್ರದೇಶಕ್ಕೆ ಇರುವ ದ್ವಾರ. ಆದುದರಿಂದ ಶಿಖರವನ್ನು ಏರುವುದಕ್ಕಿಂತ ಮೊದಲು ಅದರ ಬುಡವನ್ನು ತಲುಪುವುದೇ ದೊಡ್ಡ ಸವಾಲಾಗಿತ್ತು.

ಆರೋಹಣದ ಇತಿಹಾಸ

1934ರಲ್ಲಿ ಬ್ರಿಟನ್ನಿನ ಎರಿಕ್ ಶಿಪ್ಟನ್ ಮತ್ತು ಎಚ್. ಡಬ್ಲ್ಯು. ಟಿಲ್ಮನ್ ಮೂವರು ಶೆರ್ಪಾಗಳೊಡನೆ ಋಷಿಗಂಗಾ ಕಮರಿಯ ಮೂಲಕ ಒಳಪ್ರದೇಶವನ್ನು ಪ್ರವೇಶಿಸಿದರು. 1936ರ ಆಗಸ್ಟ್ 29ರಂದು ಟಿಲ್ಮನ್ ಮತ್ತು ನೋಯೆಲ್ ಓಡೆಲ್ ಮುಖ್ಯ ಶಿಖರವನ್ನು ಮುಟ್ಟಿದರು. 1950ರಲ್ಲಿ ಅನ್ನಪೂರ್ಣಾ ಶಿಖರದ ಆರೋಹಣವಾಗುವವರೆಗೂ ಮಾನವನು ತಲುಪಿದ ಅತಿ ಎತ್ತರದ ಶಿಖರ ಇದಾಗಿತ್ತು. ಪೂರ್ವ ಶಿಖರವನ್ನು 1939ರಲ್ಲಿ ಪೋಲೆಂಡಿನ ತಂಡವು ಮೊದಲು ಏರಿತು. ಎರಡೂ ಶಿಖರಗಳನ್ನು ಒಂದೇ ಯಾನದಲ್ಲಿ ದಾಟುವ ಪ್ರಯತ್ನದಲ್ಲಿ ಫ್ರಾನ್ಸಿನ ರೋಜೆ ದ್ಯುಪ್ಲಾ ಮತ್ತು ಜಿಲ್ಬೇರ್ ವಿಞ್ 1951ರಲ್ಲಿ ಕಣ್ಮರೆಯಾದರು. 1964ರಲ್ಲಿ ಭಾರತೀಯ ತಂಡವೊಂದು ಮುಖ್ಯ ಶಿಖರವನ್ನು ಏರಿತು. ಅಮೆರಿಕದ ಆರೋಹಿ ವಿಲ್ಲಿ ಅನ್ಸೋಲ್ಡ್ ಈ ಪರ್ವತದ ಹೆಸರನ್ನೇ ತಮ್ಮ ಮಗಳಿಗೆ ಇಟ್ಟಿದ್ದರು. ಆ ನಂದಾದೇವಿ ಅನ್ಸೋಲ್ಡ್ 1976ರಲ್ಲಿ ತಂದೆಯೊಡನೆ ಬಂದು ಇದೇ ಪರ್ವತದ ಮೇಲೆ ಅಸುನೀಗಿದರು.

ಕಳೆದುಹೋದ ಉಪಕರಣ

1964ರಲ್ಲಿ ಚೀನಾ ತನ್ನ ಮೊದಲ ಅಣುಪರೀಕ್ಷೆ ನಡೆಸಿತು. ಅಂತಹ ಪರೀಕ್ಷೆಗಳ ಮೇಲೆ ನಿಗಾ ಇಡಲು 1965ರಲ್ಲಿ ಭಾರತ ಮತ್ತು ಅಮೆರಿಕದ ಗುಪ್ತಚರ ಸಂಸ್ಥೆಗಳು ಪ್ಲುಟೋನಿಯಂ ಇಂಧನದಿಂದ ನಡೆಯುವ ಉಪಕರಣವನ್ನು ಶಿಖರದ ಮೇಲೆ ಸ್ಥಾಪಿಸಲು ಯತ್ನಿಸಿದವು. ಹವಾಮಾನ ಕೆಟ್ಟುದರಿಂದ ತಂಡವು ಅದನ್ನು ಪರ್ವತದ ಮೇಲೆಯೇ ಬಿಟ್ಟು ಇಳಿಯಿತು. ಮರುವರ್ಷ ಹುಡುಕಿದಾಗ ಅದು ಸಿಗಲಿಲ್ಲ. ಇಲ್ಲಿಯ ನೀರು ಋಷಿಗಂಗೆಯಿಂದ ಧೌಲಿಗಂಗೆಗೆ, ಅಲ್ಲಿಂದ ಅಲಕನಂದೆಯ ಮೂಲಕ ಗಂಗೆಗೆ ಸೇರುವುದರಿಂದ ವಿಷಯವು ಕಳವಳಕ್ಕೆ ಕಾರಣವಾಯಿತು. 1978ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ಇದನ್ನು ಒಪ್ಪಿಕೊಂಡರು.

ಸಂರಕ್ಷಣೆ

1974ರಲ್ಲಿ ವಿದೇಶಿ ತಂಡಗಳಿಗೆ ಮತ್ತೆ ಪ್ರವೇಶ ದೊರೆತ ಮೇಲೆ ಸೌದೆ ಕಡಿತ, ಕಸ ಮತ್ತು ಬೇಟೆಗಳಿಂದ ಒಳಪ್ರದೇಶಕ್ಕೆ ಹಾನಿಯಾಯಿತು. 1982ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿ, ಆರೋಹಣ ಮತ್ತು ಜಾನುವಾರು ಮೇಯಿಸುವಿಕೆ ಎರಡನ್ನೂ ನಿಷೇಧಿಸಲಾಯಿತು. ವನ್ಯಜೀವಿಗಳಿಗೆ ಇದರಿಂದ ರಕ್ಷಣೆ ಸಿಕ್ಕಿತಾದರೂ, ಹುಲ್ಲುಗಾವಲು ಮತ್ತು ಚಾರಣಿಗರನ್ನು ಅವಲಂಬಿಸಿದ್ದ ಸಮೀಪದ ಗ್ರಾಮಸ್ಥರು ತಮ್ಮ ಜೀವನೋಪಾಯವನ್ನು ಕಳೆದುಕೊಂಡರು. 1988ರಲ್ಲಿ ಯುನೆಸ್ಕೋ ಈ ಉದ್ಯಾನವನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.