ಯುದ್ಧಕಾಲದ ಸೇನಾ ವಿಮಾನ ಅಪಘಾತಗಳು ಮತ್ತು ಸಿಬ್ಬಂದಿಯ ಅವಲಂಬಿತರಿಗೆ ಮಾಹಿತಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಮಾಜಿ ಸೈನಿಕರು, ಯುದ್ಧದಲ್ಲಿ ಮಡಿದವರ ಪತ್ನಿಯರು ಹಾಗೂ ಅವಲಂಬಿತರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಅಪಘಾತದ ಸ್ವರೂಪ

ಯುದ್ಧಕಾಲದಲ್ಲಿ ಎಲ್ಲ ವಿಮಾನಗಳೂ ಶತ್ರುವಿನ ಗುಂಡಿನಿಂದಲೇ ನಾಶವಾಗುವುದಿಲ್ಲ. ಗುಂಡೇಟಿನಿಂದ ಗಾಲಿ ಅಥವಾ ನಿಯಂತ್ರಣ ವ್ಯವಸ್ಥೆ ಕೆಟ್ಟಿರುವುದು, ಇಂಧನ ಮುಗಿಯುತ್ತಿರುವುದು, ದೀಪ ನಂದಿಸಿದ ಓಡುಪಥ ಹಾಗೂ ಮಂಜು ಮುಂತಾದ ಕಾರಣಗಳಿಂದ ಕಾರ್ಯಾಚರಣೆ ಮುಗಿಸಿ ಮರಳಿ ಇಳಿಯುವ ವೇಳೆಯಲ್ಲಿಯೂ ಅವಘಡಗಳು ಸಂಭವಿಸುತ್ತವೆ. ಇಂತಹ ಪ್ರಕರಣದಲ್ಲಿ ಸಾವು ಶತ್ರು ಕ್ರಮದಿಂದ ಉಂಟಾಯಿತೇ ಅಥವಾ ಕರ್ತವ್ಯದಲ್ಲಿನ ಅಪಘಾತದಿಂದ ಉಂಟಾಯಿತೇ ಎಂಬ ನಿರ್ಣಯದ ಮೇಲೆ ಕುಟುಂಬಕ್ಕೆ ದೊರೆಯುವ ಪಿಂಚಣಿ ಅವಲಂಬಿಸಿರುತ್ತದೆ.

2. ಕರ್ನಾಟಕದ ಒಂದು ನಿದರ್ಶನ

ವಿಮಾನವೂ ಚಾಲಕರೂ ಮರಳಿ ಬಾರದಿದ್ದಾಗ ದಾಖಲೆಯ ಮಹತ್ವವೇನು ಎಂಬುದಕ್ಕೆ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಪ್ರಕರಣವು ಸಾಕ್ಷಿಯಾಗಿದೆ. 1932ರಲ್ಲಿ ಜನಿಸಿದ ಇವರು 1954ರಲ್ಲಿ ವಾಯುಪಡೆಗೆ ಅಧಿಕಾರಿಯಾಗಿ ಸೇರಿದರು. ದಿನಾಂಕ 7-9-1965ರಂದು ಆದಂಪುರದಿಂದ ಹೊರಟು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ನಡೆದ ದಾಳಿಯಲ್ಲಿ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಭಾಗವಹಿಸಿದ್ದವು. ದೇವಯ್ಯ ಅವರು ಮೀಸಲು ಚಾಲಕರಾಗಿದ್ದು, ನಂತರ ದಾಳಿಯ ತಂಡವನ್ನು ಸೇರಿಕೊಂಡರು. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಸ್ಟಾರ್‌ಫೈಟರ್ ವಿಮಾನವು ಎದುರಾದಾಗ, ತಮ್ಮ ವಿಮಾನಕ್ಕೆ ಹಾನಿಯಾದರೂ ಹಿಮ್ಮೆಟ್ಟದೆ ಕಾದಾಡಿದರು. ಎರಡೂ ವಿಮಾನಗಳು ನಾಶವಾದವು. ಪಾಕಿಸ್ತಾನದ ಚಾಲಕರು ಧುಮುಕುಕೊಡೆಯಿಂದ ಪಾರಾದರು. ದೇವಯ್ಯ ಅವರು ಮರಳಲಿಲ್ಲ.

ಅವರು ಕಾಣೆಯಾಗಿರುವುದಾಗಿ ಮಾತ್ರ ಭಾರತದಲ್ಲಿ ದಾಖಲಾಯಿತು. ಅವರು ಹೋರಾಡಿದ ಬಗೆಯನ್ನು ಕಂಡವರು ಇಲ್ಲಿ ಯಾರೂ ಇರಲಿಲ್ಲ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರು 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಸದರಿ ಕಾಳಗದ ವಿವರಗಳು ಬೆಳಕಿಗೆ ಬಂದವು. ದಾಳಿಯ ನೇತೃತ್ವ ವಹಿಸಿದ್ದ ಓ. ಪಿ. ತನೇಜಾ ಅವರು ವಿಷಯವನ್ನು ವಾಯುಪಡೆಯ ಗಮನಕ್ಕೆ ತಂದರು. ಪರಿಶೀಲನೆಯ ತರುವಾಯ 1988ರಲ್ಲಿ, ಅಂದರೆ ಘಟನೆ ನಡೆದ 23ನೇ ವರ್ಷದಲ್ಲಿ, ಮರಣೋತ್ತರವಾಗಿ ಮಹಾವೀರ ಚಕ್ರವನ್ನು ಪ್ರದಾನ ಮಾಡಲಾಯಿತು. ಹೊಸ ಸಾಕ್ಷ್ಯ ದೊರೆತಲ್ಲಿ ಹಳೆಯ ಕಡತವನ್ನು ಪುನಃ ತೆರೆಯಲು ಅವಕಾಶವಿದೆ ಎಂಬುದನ್ನು ಅವಲಂಬಿತರು ಇದರಿಂದ ಮನಗಾಣಬಹುದು.

3. ಪಿಂಚಣಿಯ ವರ್ಗೀಕರಣ

ರಕ್ಷಣಾ ಸಚಿವಾಲಯದ ದಿನಾಂಕ 31-1-2001ರ ಆದೇಶದಲ್ಲಿ ಸಾವಿನ ಪ್ರಕರಣಗಳನ್ನು ಎ ಯಿಂದ ಇ ವರೆಗೆ ಐದು ವರ್ಗಗಳಾಗಿ ವಿಂಗಡಿಸಲಾಗಿದೆ.

ಅ) ಕರ್ತವ್ಯದ ಮೇಲಿನ ವಿಮಾನ ಪ್ರಯಾಣದಲ್ಲಿ ಸಂಭವಿಸುವ ಅಪಘಾತಗಳು ಸಿ ವರ್ಗಕ್ಕೆ ಸೇರುತ್ತವೆ. ಕುಟುಂಬಕ್ಕೆ ವಿಶೇಷ ಕುಟುಂಬ ಪಿಂಚಣಿಯು ಪರಿಗಣಿತ ವೇತನದ ಶೇ. 60ರ ದರದಲ್ಲಿ ಲಭ್ಯವಾಗುತ್ತದೆ.

ಆ) ಅಂತರರಾಷ್ಟ್ರೀಯ ಯುದ್ಧದಲ್ಲಿ ಶತ್ರು ಕ್ರಮದಿಂದ ಆದ ಸಾವು ಇ ವರ್ಗಕ್ಕೆ ಸೇರುತ್ತದೆ. ಕುಟುಂಬಕ್ಕೆ ಉದಾರೀಕೃತ ಕುಟುಂಬ ಪಿಂಚಣಿಯು ಕೊನೆಯ ಪರಿಗಣಿತ ವೇತನಕ್ಕೆ ಸಮನಾಗಿ ದೊರೆಯುತ್ತದೆ.

ಆದುದರಿಂದ ಕೋರ್ಟ್ ಆಫ್ ಎನ್‌ಕ್ವೈರಿ ಎಂದು ಕರೆಯಲಾಗುವ ಸೇನಾ ವಿಚಾರಣೆಯ ನಿರ್ಣಯ ಯಾವ ವರ್ಗದ್ದೆಂಬುದನ್ನು ಕುಟುಂಬದವರು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ನಿರ್ಣಯದಿಂದ ಬಾಧಿತರಾದವರು ಮೇಲ್ಮನವಿ ಸಲ್ಲಿಸಬಹುದು. ತದನಂತರ 2007ರ ಕಾಯ್ದೆಯಡಿ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೊರೆ ಹೋಗಬಹುದಾಗಿದೆ.

4. ನಾಲ್ಕು ತಾಲ್ಲೂಕುಗಳ ಅರ್ಜಿದಾರರ ವಿಶೇಷ ಗಮನಕ್ಕೆ

ದಾವಣಗೆರೆ ಜಿಲ್ಲೆಯು 1997ರಲ್ಲಿ ರಚನೆಯಾಯಿತು. ಅದಕ್ಕೂ ಮುನ್ನ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ನ್ಯಾಮತಿಯು ಹೊನ್ನಾಳಿ ತಾಲ್ಲೂಕಿನಿಂದ ಬೇರ್ಪಟ್ಟ ಹೊಸ ತಾಲ್ಲೂಕಾಗಿರುತ್ತದೆ. ಆದ್ದರಿಂದ 1965 ಮತ್ತು 1971ರ ಯುದ್ಧಗಳ ಕಾಲದ ಸೇವಾ ದಾಖಲೆಗಳಲ್ಲಿ ಹಳೆಯ ಜಿಲ್ಲೆ ಹಾಗೂ ತಾಲ್ಲೂಕಿನ ಹೆಸರೇ ಇರುತ್ತದೆ. ಇದು ದೋಷವಲ್ಲ. ಎರಡೂ ವಿಳಾಸಗಳು ಒಂದೇ ಗ್ರಾಮಕ್ಕೆ ಸಂಬಂಧಿಸಿದವೆಂದು ತಹಶೀಲ್ದಾರರಿಂದ ದೃಢೀಕರಣ ಪಡೆದು ಅರ್ಜಿಯೊಂದಿಗೆ ಲಗತ್ತಿಸಿದಲ್ಲಿ ವಿಳಂಬವನ್ನು ತಪ್ಪಿಸಬಹುದು.

5. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

* ಸೇವಾ ಸಂಖ್ಯೆ, ಪದನಾಮ ಮತ್ತು ಘಟಕದ ವಿವರ
* ಮರಣ ಅಥವಾ ಕಾಣೆಯಾದ ಬಗ್ಗೆ ಸೇನೆಯಿಂದ ಬಂದ ತಂತಿ, ಪತ್ರ ಅಥವಾ ಪ್ರಮಾಣ ಪತ್ರ
* ಪಿಂಚಣಿ ಮಂಜೂರಾತಿ ಆದೇಶದ ಪ್ರತಿ (ಇದ್ದಲ್ಲಿ)
* ನಾಡಕಚೇರಿಯಿಂದ ಪಡೆದ ವಂಶವೃಕ್ಷ
* ಹೆಸರು ಅಥವಾ ಇನಿಷಿಯಲ್ ವ್ಯತ್ಯಾಸವಿದ್ದಲ್ಲಿ ನೋಟರಿ ಮುಂದೆ ಮಾಡಿದ ಪ್ರಮಾಣ ಪತ್ರ

ಹಳೆಯ ತಂತಿ ಮತ್ತು ಪತ್ರಗಳ ಮೂಲ ಪ್ರತಿಗಳನ್ನು ಯಾವುದೇ ಕಾರಣಕ್ಕೂ ಹಸ್ತಾಂತರಿಸದೆ ದೃಢೀಕೃತ ನಕಲುಗಳನ್ನು ಮಾತ್ರ ಸಲ್ಲಿಸುವುದು. ಎಷ್ಟೋ ವರ್ಷಗಳ ನಂತರ ಆ ಒಂದು ಹಾಳೆಯೇ ಏಕೈಕ ಸಾಕ್ಷ್ಯವಾಗಿ ಉಳಿದಿರಬಹುದು.

ಹೆಚ್ಚಿನ ಮಾಹಿತಿಗಾಗಿ ತಮ್ಮ ತಾಲ್ಲೂಕಿನ ವ್ಯಾಪ್ತಿಯನ್ನು ಹೊಂದಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.