ಸ್ತಂಭದಲ್ಲಿ ಕಳೆದುಹೋದ ದ್ರವ್ಯ: ಕ್ರೊಮಟಾಗ್ರಫಿಯ ಚರಿತ್ರೆಯಲ್ಲೊಂದು ವಿವಾದ

ಮಾತ್ರೆಯಲ್ಲಿರುವ ಔಷಧಾಂಶವನ್ನು ದ್ರವ ಕ್ರೊಮಟಾಗ್ರಫಿಯಿಂದ ಅಳೆಯುವವರು ಮೊದಲು ತಮ್ಮ ವಿಧಾನವನ್ನೇ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಗೊತ್ತಾದ ಪ್ರಮಾಣದ ಔಷಧವನ್ನು ಮಾತ್ರೆಯ ಇತರ ಘಟಕಗಳೊಡನೆ ಬೆರೆಸಿ, ಎಷ್ಟು ಮರಳಿ ದೊರೆಯಿತೆಂದು ನೋಡುತ್ತಾರೆ. ನೂರು ಪಾಲು ಹಾಕಿದಲ್ಲಿ ತೊಂಬತ್ತೇ ಬಂದರೆ ಉಳಿದ ಹತ್ತು ಎಲ್ಲಿ ಹೋಯಿತು? ಇದು ಪ್ರಯೋಗಶಾಲೆಯ ಪ್ರಶ್ನೆಯೆಂದು ಚರಿತ್ರೆಯ ವಿದ್ಯಾರ್ಥಿಗಳು ಕಡೆಗಣಿಸುವಂತಿಲ್ಲ. ಇಂತಹುದೇ ಸಂದೇಹವೊಂದು ಈ ವಿಧಾನವನ್ನು ಒಮ್ಮೆ ಕಾಲು ಶತಮಾನ ಮೂಲೆಗೆ ತಳ್ಳಿತ್ತು.

ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ 1903ರಲ್ಲಿ ವಾರ್ಸಾದಲ್ಲಿ ಮಾಡಿದ ಉಪನ್ಯಾಸದಲ್ಲಿ ತನ್ನ ಕ್ರಮವನ್ನು ಮೊದಲು ಮಂಡಿಸಿದನು. 1906ರ ಎರಡು ಜರ್ಮನ್ ಲೇಖನಗಳಲ್ಲಿ ಅದನ್ನು ವಿವರಿಸಿ, ಕ್ರೊಮಟಾಗ್ರಫಿ, ಎಂದರೆ ವರ್ಣಲೇಖನ, ಎಂದು ಹೆಸರಿಟ್ಟನು. (ಆತನ ಮನೆತನದ ಹೆಸರಿಗೂ ರಷ್ಯನ್ ಭಾಷೆಯಲ್ಲಿ ಬಣ್ಣವೆಂದೇ ಅರ್ಥ.) ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ಸಾರವನ್ನು ಇಳಿಯಬಿಟ್ಟರೆ ಹಸುರು, ಹಳದಿ ದ್ರವ್ಯಗಳು ಬೇರೆಬೇರೆ ಪಟ್ಟೆಗಳಾಗಿ ನಿಲ್ಲುತ್ತಿದ್ದವು. ಪುಡಿಯ ಆಯ್ಕೆಯೇ ಇಲ್ಲಿ ಮುಖ್ಯ. ತ್ಸ್ವೆತ್ ನೂರಕ್ಕೂ ಮಿಕ್ಕ ಪದಾರ್ಥಗಳನ್ನು ಪರೀಕ್ಷಿಸಿದ್ದನು. ಕ್ಯಾಲ್ಸಿಯಂ ಕಾರ್ಬೊನೇಟ್, ಇನ್ಯುಲಿನ್, ಸಕ್ಕರೆಯಂತಹ ಸೌಮ್ಯವಾದವುಗಳನ್ನು ಬಳಸಿದನು.

ಪತ್ರಹರಿತ್ತಿನ ಸಂಶೋಧನೆಯಲ್ಲಿ ಆಗ ಪ್ರಮಾಣಪುರುಷನಾಗಿದ್ದವನು ರಿಖಾರ್ಟ್ ವಿಲ್‌ಷ್ಟೆಟರ್. ಕೊಳವೆಯಲ್ಲಿ ಪತ್ರಹರಿತ್ತು ಮಾರ್ಪಟ್ಟು ಕೆಡುತ್ತದೆ, ಹಾಕಿದ್ದು ಹಾಕಿದಂತೆ ದೊರೆಯದು, ಎಂಬುದು ಆತನ ಪಕ್ಷದ ಆಕ್ಷೇಪ. ಆತನಿಗೆ 1915ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ತ್ಸ್ವೆತ್ 1919ರಲ್ಲಿ ವೊರೊನೆಜ್ ನಗರದಲ್ಲಿ ತೀರಿಕೊಂಡನು. ದೋಷವಿದ್ದುದು ವಿಧಾನದಲ್ಲಲ್ಲ, ಅತಿ ತೀವ್ರವಾದ ಪುಡಿಯ ಬಳಕೆಯಲ್ಲಿ ಎಂಬುದು ಇಂದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ಆದರೂ ವಿಲ್‌ಷ್ಟೆಟರನೊಬ್ಬನ ಮೇಲೆಯೇ ಹೊಣೆ ಹೊರಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ತ್ಸ್ವೆತನ 1910ರ ಮಹಾಗ್ರಂಥ ರಷ್ಯನ್ ಭಾಷೆಯಲ್ಲಿತ್ತು; ಅದರ ಜರ್ಮನ್ ಅನುವಾದವನ್ನು ಮಾಡಿಸಿಟ್ಟುಕೊಂಡು, ಮುಂದೆ ರಿಖಾರ್ಟ್ ಕೂನನಿಗೆ ಕೊಟ್ಟವನು ಈ ವಿಲ್‌ಷ್ಟೆಟರನೇ! 1931ರಲ್ಲಿ ಹೈಡೆಲ್‌ಬರ್ಗಿನಲ್ಲಿ ಕೂನ್ ಮತ್ತು ಎಡ್ಗರ್ ಲೆಡೆರರ್ ಅದೇ ಕೊಳವೆಯಿಂದ ಕ್ಯಾರೊಟೀನುಗಳನ್ನು ಬೇರ್ಪಡಿಸಿದ ಮೇಲೆ ಆಕ್ಷೇಪ ಅಡಗಿತು.

ಆಕ್ಷೇಪ ಅಡಗಿದರೂ ಸಮಸ್ಯೆ ಅಡಗಲಿಲ್ಲ. ಈಗಿನ ಸ್ತಂಭಗಳಲ್ಲಿ ತುಂಬುವುದು ಬಹುಮಟ್ಟಿಗೆ ಸಿಲಿಕ. ಅದರ ಮೈಮೇಲೆ ಉಳಿದ ಸಿಲನಾಲ್ ಗುಂಪುಗಳು ಕ್ಷಾರಗುಣದ ಔಷಧಗಳನ್ನು ಹಿಡಿದುಕೊಳ್ಳುತ್ತವೆ. ಅದಕ್ಕೆಂದೇ ಆ ಗುಂಪುಗಳನ್ನು ಮುಚ್ಚಿದ ಸಿಲಿಕವನ್ನು ಆರಿಸುವುದು ಅಥವಾ ದ್ರಾವಕಕ್ಕೆ ತುಸು ಟ್ರೈಈಥೈಲಮೀನ್ ಸೇರಿಸುವುದು ವಾಡಿಕೆ. ಕೆಲವೊಮ್ಮೆ ಔಷಧ ಸ್ತಂಭದವರೆಗೆ ಬಂದೇ ಇರುವುದಿಲ್ಲ: ಮಾತ್ರೆಯಿಂದ ಪೂರ್ತಿ ಕರಗದೆ ಉಳಿದಿರಬಹುದು, ಶೋಧಕದ ಪೊರೆಗೆ ಅಂಟಿರಬಹುದು. ಆದ್ದರಿಂದ ಒಂದೇ ದ್ರಾವಣವನ್ನು ಶೋಧಿಸಿ ಒಮ್ಮೆ, ಶೋಧಿಸದೆ ಒಮ್ಮೆ ಅಳೆದು ನೋಡುವುದು ರೂಢಿಯಲ್ಲಿದೆ.